ಸುಟ್ಟ ಹುರುಳಿಯ ಸಾಕ್ಷ್ಯ

ಪುರಾತನ ಜೀವಿಗಳ ಕುರುಹೆಂದರೆ ಮೂಳೆ, ಹಲ್ಲು, ಚಿಪ್ಪು ಇವಿಷ್ಟೇ ಎಂದು ನಾವು ಬಹುಕಾಲ ಭಾವಿಸಿದ್ದೆವು. ಮೃದುವಾದ ಅಂಗಗಳು ಕೊಳೆತುಹೋಗುವುದೇ ಸಾಮಾನ್ಯ ನಿಯಮವಷ್ಟೆ. ಆದರೆ ಜರ್ಮನಿಯ ಸೋಲ್ನ್‌ಹೋಫೆನ್ ಸುಣ್ಣಕಲ್ಲಿನಲ್ಲಿ ಸುಮಾರು 15 ಕೋಟಿ ವರ್ಷಗಳ ಹಿಂದೆ ಹುದುಗಿದ ಟೆರೊಸಾರ್ ಎಂಬ ಹಾರುವ ಸರೀಸೃಪಗಳ ಮೇಲೆ ಲೇಸರ್ ಬೆಳಕನ್ನು ಹಾಯಿಸಿದಾಗ, ಬರಿಗಣ್ಣಿಗೆ ಸರಿಯಾಗಿ ತೋರದಿದ್ದ ತೊಗಲು, ಪೊರೆಗಳ ವಿವರಗಳು ಮಿನುಗಿ ಕಾಣಿಸಿಕೊಂಡವು. ಅವಶೇಷಕ್ಕೆ ಕಿಂಚಿತ್ತೂ ಧಕ್ಕೆಯಾಗಲಿಲ್ಲ.

ಬಳ್ಳಾರಿಯ ಗುಡ್ಡಗಳಲ್ಲಿ ಅಂಥ ಪ್ರಾಣಿಯನ್ನು ಹುಡುಕುವುದು ವ್ಯರ್ಥ. ಸುಮಾರು 250 ಕೋಟಿ ವರ್ಷಗಳ ಹಿಂದೆ ಕರಗಿದ ಶಿಲೆ ಆರಿ ಗಟ್ಟಿಯಾದ ಬಂಡೆಗಳಲ್ಲಿ ಅದು ದೊರೆಯುವುದೆಂತು? ಆದರೆ ಆ ಬಂಡೆಗಳ ನಡುವಿನ ಮಣ್ಣಿನಲ್ಲಿ ಬೇರೊಂದು ನಿಧಿಯಿದೆ. ಬಳ್ಳಾರಿ ನಗರದ ಬಳಿಯ ಸಂಗನಕಲ್ಲು, ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆ, ಕುರುಗೋಡು—ಇವೆಲ್ಲ ನವಶಿಲಾಯುಗದ ಜನ ಬಾಳಿದ ನೆಲೆಗಳು. ತೆಕ್ಕಲಕೋಟೆಯಲ್ಲಿ 1963-64ರಲ್ಲಿ ಎಂ. ಎಸ್. ನಾಗರಾಜರಾವ್ ಅವರು ಉತ್ಖನನ ನಡೆಸಿದರು. ಮುಂದೆ ಧಾರವಾಡದ ರವಿ ಕೋರಿಶೆಟ್ಟರ್, ಲಂಡನ್ನಿನ ಡೋರಿಯನ್ ಫುಲರ್ ಮೊದಲಾದವರು ಇಂಥ ನೆಲೆಗಳ ಮಣ್ಣನ್ನು ನೀರಿನಲ್ಲಿ ಕದಡಿ, ಮೇಲೆ ತೇಲಿದ ಕರಿಕಾಳುಗಳನ್ನು ಸೋಸಿ ತೆಗೆದರು. ಹುರುಳಿ, ಹೆಸರು, ಕೊರಲೆ ಇವು ಆ ಕಾಲದ ಬೆಳೆಗಳೆಂದು ಹೀಗೆ ತಿಳಿಯಿತು.

ಅರೆಬರೆ ಬೆಂದು ಇದ್ದಿಲಾದ ಕಾಳು ಕೊಳೆಯುವುದಿಲ್ಲ. ಸೂಕ್ಷ್ಮಜೀವಿಗಳಿಗೆ ಅದು ಆಹಾರವಾಗದು. ಹೀಗಾಗಿ ಅದರ ಸಿಪ್ಪೆ ಕೂಡ ಸಾವಿರಾರು ವರ್ಷ ಉಳಿಯಬಲ್ಲದು. ಈ ಸಿಪ್ಪೆಯಲ್ಲಿ ಒಂದು ಚರಿತ್ರೆಯೇ ಅಡಗಿದೆ. ಕಾಡು ಹುರುಳಿಯ ಸಿಪ್ಪೆ ದಪ್ಪ. ಅದು ನೀರನ್ನು ಬೇಗ ಒಳಗೆ ಬಿಡದು. ಬೀಜ ತನ್ನ ಕಾಲಕ್ಕಾಗಿ ಮಲಗಿ ಕಾಯುತ್ತದೆ. ರೈತನಾದರೋ ಬಿತ್ತಿದ ಕೂಡಲೆ ಮೊಳೆತದ್ದನ್ನು ಕೊಯ್ದು, ಅದರಿಂದಲೇ ಮುಂದಿನ ವರ್ಷದ ಬಿತ್ತನೆಯನ್ನು ತೆಗೆದಿಡುತ್ತಾನೆ. ಹೀಗೆ ತಲೆತಲಾಂತರಕ್ಕೆ ತೆಳುಸಿಪ್ಪೆಯ ಕಾಳೇ ಉಳಿಯುತ್ತದೆ.

ಹಿಂದೆ ಸಿಪ್ಪೆಯ ದಪ್ಪವನ್ನಳೆಯಲು ಕಾಳನ್ನು ಒಡೆಯಬೇಕಾಗುತ್ತಿತ್ತು. ಚಾರ್ಲೀನ್ ಮರ್ಫಿ ಮತ್ತು ಫುಲರ್ ಅವರು ಇಂಗ್ಲೆಂಡಿನ ಡೈಮಂಡ್ ಸಿಂಕ್ರೊಟ್ರಾನಿನ ತೀಕ್ಷ್ಣವಾದ ಕ್ಷ-ಕಿರಣಗಳ ಮುಂದೆ ಕಾಳನ್ನು ತಿರುಗಿಸುತ್ತ ಅಸಂಖ್ಯ ಚಿತ್ರಗಳನ್ನು ತೆಗೆದು, ಗಣಕಯಂತ್ರದಿಂದ ಅವನ್ನು ಜೋಡಿಸಿ, ಒಡೆಯದೆಯೇ ಒಳಗನ್ನು ಕಂಡರು. ದಕ್ಷಿಣ ಭಾರತದ ಹುರುಳಿಯ ಸಿಪ್ಪೆ ಕ್ರಿ. ಪೂ. 2000ರಿಂದ 1200ರ ವರೆಗೆ ಹಂತಹಂತವಾಗಿ ತೆಳುವಾಯಿತೆಂದು 2017ರಲ್ಲಿ ಅವರು ಪ್ರಕಟಿಸಿದರು. ದ್ವಿದಳ ಧಾನ್ಯವೊಂದರಲ್ಲಿ ಈ ಬದಲಾವಣೆಯ ವೇಗವನ್ನು ಪುರಾತನ ಕಾಳುಗಳಿಂದಲೇ ಅಳೆದದ್ದು ಇದೇ ಮೊದಲು.

ಇಷ್ಟೆಲ್ಲ ಶ್ರಮ ಒಂದು ಕರಿಕಾಳಿಗೇಕೆಂದು ಕೆಲವರು ಕೇಳಬಹುದು. ಮಳೆ ಕೈಕೊಟ್ಟ ಹೊಲದಲ್ಲೂ ಬಡವನ ಕೈಬಿಡದ ಧಾನ್ಯ ಹುರುಳಿ. ಅದನ್ನು ಕಾಡಿನಿಂದ ಹೊಲಕ್ಕೆ ತಂದವರ ಕಥೆಯಲ್ಲಿ ಹುರುಳಿಲ್ಲವೆನ್ನಲಾದೀತೆ? ಲಿಪಿಯನ್ನರಿಯದ ಆ ಜನರ ಬರಹವೆಂದರೆ ಈ ಕಾಳುಗಳೇ.

ಆದರೆ ಆ ಬರಹವಿರುವ ಪುಟಗಳನ್ನು ನಾವೇ ಹರಿಯುತ್ತಿದ್ದೇವೆ. ಸಂಗನಕಲ್ಲು-ಕುಪ್ಪಗಲ್ಲು ಗುಡ್ಡಗಳನ್ನು ಕಲ್ಲುಗಣಿಗಾರಿಕೆ ಕೊರೆದಿದೆ. ಬೂದಿದಿಬ್ಬಗಳ ಮಣ್ಣು ಗೊಬ್ಬರವಾಗಿ ಹೊಲ ಸೇರಿದೆ. ಕಲ್ಲು ಒಡೆದು ಹೊಟ್ಟೆ ಹೊರೆಯುವವರ ಕಷ್ಟವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಕಲ್ಲಿಗೆ ಬೇರೆ ಗುಡ್ಡಗಳಿವೆ, ಸಂಗನಕಲ್ಲಿಗೆ ಎರಡನೆಯದಿಲ್ಲ. ಆ ಕುಟುಂಬಗಳಿಗೆ ಅನ್ಯಮಾರ್ಗ ತೋರಿಸಿಯೇ ಈ ನೆಲೆಗಳನ್ನು ಕಾಯಬೇಕು.

ಉತ್ಖನನಕಾರರಲ್ಲಿಯೂ ನಮ್ಮದೊಂದು ಬಿನ್ನಹವಿದೆ. ಪ್ರತಿ ನೆಲೆಯಲ್ಲಿಯೂ ಒಂದು ಭಾಗವನ್ನು ಅಗೆಯದೆ ಬಿಡಬೇಕು. ತೆಗೆದ ಮಣ್ಣು, ಕಾಳುಗಳನ್ನು ಸ್ಥಳ, ಪದರಗಳ ವಿವರದೊಂದಿಗೆ ಜೋಪಾನವಾಗಿಡಬೇಕು. ಇಂದೋರಿನ ಇಂಡಸ್-2 ಸಿಂಕ್ರೊಟ್ರಾನಿನಲ್ಲಿ ಚಿತ್ರಗ್ರಹಣದ ಸೌಲಭ್ಯವಿರುವಾಗ, ನಮ್ಮ ವಿಶ್ವವಿದ್ಯಾನಿಲಯಗಳು ಅದನ್ನು ಏಕೆ ಬಳಸಿಕೊಳ್ಳಬಾರದು?

ಸಾಕ್ಷಿಯನ್ನು ಕಳೆದುಕೊಂಡ ಮೇಲೆ ಎಂಥ ಉಪಕರಣ ಬಂದರೇನು? ನಾಳೆಯ ಕಣ್ಣು ನಮ್ಮದಕ್ಕಿಂತ ಹರಿತವಾಗಿರುವುದು ನಿಶ್ಚಯ. ಅದು ನೋಡಲು ಏನಾದರೂ ಉಳಿದಿರುವಂತೆ ಕಾಯುವುದು ಇಂದಿನವರ ಹೊಣೆ.