ಎನ್‌ಕೋಡರಿನ ತಂತಿ ಮತ್ತು ಸಂಜೆ ಪಾಳಿಯ ಹುಡುಗ

ಹಿಂದಿನ ಸಂಚಿಕೆಯಲ್ಲಿ ಬಾವಿಯ ಪಂಪಿನ ಸ್ಟಾರ್ಟರ್ ಕುರಿತು ಬರೆದುದನ್ನು ಓದಿ, ಹೊಸೂರು ಕಡೆಯ ಕೆಲವು ವಾಚಕರು ಒಂದು ಕೋರಿಕೆಯನ್ನು ಮುಂದಿಟ್ಟಿದ್ದಾರೆ. ‘ನಮ್ಮ ಮಕ್ಕಳು ಈಗ ಪಂಪು ಬಿಚ್ಚುವುದಿಲ್ಲ, ಕಂಪ್ಯೂಟರಿನಿಂದ ನಡೆಯುವ ಲೇತುಗಳ ಮುಂದೆ ನಿಲ್ಲುತ್ತಾರೆ. ಅದರ ವಿಚಾರವನ್ನೂ ಬರೆಯಿರಿ’ ಎಂದು. ಕೋರಿಕೆ ನ್ಯಾಯವಾದುದೇ. 1970ರ ದಶಕದಲ್ಲಿ ಹೊಸೂರಿನಲ್ಲಿ ಸಿಪ್‌ಕಾಟ್ ಕೈಗಾರಿಕಾ ಪ್ರದೇಶ ಎದ್ದುನಿಂತ ಮೇಲೆ ಸುತ್ತಲಿನ ಊರುಗಳ ತರುಣರ ಬದುಕೇ ಬೇರೆಯಾಯಿತು. ಇಂದು ದೊಡ್ಡ ಕಾರ್ಖಾನೆಗಳಲ್ಲದೆ, ಎರಡು ಮೂರು ಯಂತ್ರಗಳನ್ನಿಟ್ಟುಕೊಂಡ ಸಣ್ಣ ಷೆಡ್ಡುಗಳೂ ಅಲ್ಲಿ ಹೇರಳವಾಗಿವೆ. ಅಂಥ ಷೆಡ್ಡಿನಲ್ಲಿ ಯಂತ್ರ ತಪ್ಪಿದಾಗ ಮೊದಲು ಬೈಗುಳ ತಿನ್ನುವವನು ಅದರ ಮುಂದೆ ನಿಂತ ಹುಡುಗನೇ ಆಗಿರುತ್ತಾನೆ.

ಯಂತ್ರಕ್ಕೆ ತಾನೆಲ್ಲಿರುವೆನೆಂಬುದನ್ನು ತಿಳಿಸುವ ಅಂಗವೇ ಎನ್‌ಕೋಡರ್. ಮೋಟಾರಿನ ಹಿಂಬದಿಯಲ್ಲಿ ಮುಷ್ಟಿಗಾತ್ರದ ಡಬ್ಬಿಯೊಂದಿರುತ್ತದೆ. ಸೈಕಲ್ ಚಕ್ರದ ಕಡ್ಡಿಗಳ ಒಂದು ಬದಿಯಿಂದ ಟಾರ್ಚ್ ಬಿಟ್ಟು ಚಕ್ರವನ್ನು ತಿರುಗಿಸಿದರೆ ಎದುರು ಗೋಡೆಯ ಮೇಲೆ ಬೆಳಕು, ನೆರಳು, ಬೆಳಕು ಎಂದು ಮಿನುಗುವುದಷ್ಟೆ. ಡಬ್ಬಿಯೊಳಗೆ ನಡೆಯುವುದೂ ಅದೇ. ಕಡ್ಡಿಗಳ ಬದಲಿಗೆ ಒಂದು ಬಿಲ್ಲೆಯ ಅಂಚಿನಲ್ಲಿ 2500 ಸೂಕ್ಷ್ಮ ಗೆರೆಗಳು. ಗೋಡೆಯ ಬದಲಿಗೆ ಬೆಳಕನ್ನರಿಯುವ ಎರಡು ಕಣ್ಣುಗಳು. ಒಂದು ಕಣ್ಣಿನ ಸಂಕೇತಕ್ಕೆ ಎ ಎಂದೂ ಇನ್ನೊಂದಕ್ಕೆ ಬಿ ಎಂದೂ ಹೆಸರು. ಬಿ ಕಣ್ಣನ್ನು ಕಾಲು ಹೆಜ್ಜೆ ಸರಿಸಿ ಇಟ್ಟಿರುವುದರಿಂದ, ಎ ಮುಂದೆ ಬಂದರೆ ಒಂದು ದಿಕ್ಕು, ಬಿ ಮುಂದೆ ಬಂದರೆ ಅದರ ವಿರುದ್ಧ ದಿಕ್ಕು. ಪ್ರತಿ ಗೆರೆಗೂ ನಾಲ್ಕು ಬದಲಾವಣೆಗಳು ದೊರೆಯುವುದರಿಂದ ಸುತ್ತಿಗೆ 10,000 ಎಣಿಕೆಗಳಾಗುತ್ತವೆ. ತಿರುಪು ಒಂದು ಸುತ್ತಿಗೆ 10 ಮಿಲಿಮೀಟರ್ ಸರಿಯುವಂಥದಾದರೆ ಒಂದು ಎಣಿಕೆ ಎಂದರೆ ಒಂದು ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಇವಲ್ಲದೆ ಸುತ್ತಿಗೊಮ್ಮೆ ಮಾತ್ರ ಬರುವ ಜ಼ೆಡ್ ಎಂಬ ಮೂರನೆಯ ಸಂಕೇತವೂ ಉಂಟು. ಬೆಳಿಗ್ಗೆ ಯಂತ್ರವನ್ನು ‘ಹೋಮ್’ಗೆ ಕಳುಹಿಸುವಾಗ ಅದು ಈ ಗುರುತನ್ನು ಹಿಡಿದೇ ತನ್ನ ಸೊನ್ನೆಯನ್ನು ಗೊತ್ತುಮಾಡಿಕೊಳ್ಳುತ್ತದೆ. ಆ ಬಳಿಕ ದಿನವಿಡೀ ಅದು ಮಾಡುವುದು ಬರಿಯ ಕೂಡಿಸುವ, ಕಳೆಯುವ ಲೆಕ್ಕ. ನಡುವೆ ಒಂದು ಎಣಿಕೆ ತಪ್ಪಿದರೂ ಮುಂದಿನ ಹೋಮ್‌ವರೆಗೆ ಆ ತಪ್ಪು ಉಳಿದೇ ಇರುತ್ತದೆ. ಮುಂದಿನ ಮಾತಿಗೆಲ್ಲ ಇದೇ ಆಧಾರವಾದುದರಿಂದ ವಾಚಕರು ಇದನ್ನು ನೆನಪಿನಲ್ಲಿಟ್ಟುಕೊಳ್ಳಬೇಕು.

ನನ್ನಲ್ಲಿ ಓದಿದ ಒಬ್ಬ ಗೃಹಸ್ಥರು ಹೊಸೂರಿನ ಹೊರವಲಯದಲ್ಲಿ ಇಂಥ ಷೆಡ್ಡೊಂದನ್ನು ನಡೆಸುತ್ತಾರೆ. ಹಳೆಯ ಲೇತಿಗೆ ಹೊಸ ಕಂಪ್ಯೂಟರ್ ನಿಯಂತ್ರಣವನ್ನು ಕೂಡಿಸಿದ ಯಂತ್ರ ಅವರದು. 25 ಮಿಲಿಮೀಟರ್ ವ್ಯಾಸದ ಪಿನ್ನುಗಳನ್ನು ತಿರುವುವ ಕೆಲಸ. ಬೆಳಗಿನ ಪಾಳಿಯ ಮಾಲೆಲ್ಲ ಸರಿ. ಸಂಜೆ ಪಾಳಿಯದು ಮಾತ್ರ ದಪ್ಪವಾಗಿ ತಿರಸ್ಕೃತವಾಗುತ್ತಿತ್ತು. ಸಂಜೆಯ ಹುಡುಗ ಅಳತೆಯ ಅಂಕಿಗಳನ್ನು ಕೆಡಿಸುತ್ತಿದ್ದಾನೆಂದು ತೀರ್ಮಾನವಾಗಿ, ಅವನ ಸಂಬಳದಲ್ಲಿ ಒಂದಷ್ಟು ಹಿಡಿದದ್ದೂ ಆಯಿತು. ಅದಕ್ಕೂ ಸರಿಹೋಗದಿದ್ದಾಗ ‘ಎನ್‌ಕೋಡರ್ ಕೆಟ್ಟಿರಬೇಕು’ ಎಂದು ಯಾರೋ ಹೇಳಿದರು. ಹೊಸದನ್ನು ತರಿಸಲು ಮಾತಾಯಿತು.

ಹುಡುಗನೂ ನಮ್ಮ ಶಾಲೆಯವನೇ. ‘ಮೇಷ್ಟ್ರೇ, ನಾನು ಅಂಕಿ ಮುಟ್ಟಿಲ್ಲ’ ಎಂದ. ‘ಬಾಯಲ್ಲಿ ಹೇಳಿದರೆ ಯಾರು ನಂಬುತ್ತಾರಪ್ಪ? ಬರೆದಿಡು. ಬೆಳಗಿನವನ ಕೈಲೂ ಬರೆಸು’ ಎಂದೆ. ಹತ್ತು ಪಿನ್ನಿಗೊಂದರಂತೆ ಅಳೆದು ಇಬ್ಬರೂ ಒಂದೇ ಪುಸ್ತಕದಲ್ಲಿ ಬರೆದರು. ಬೆಳಿಗ್ಗೆ 25.001, ಮಧ್ಯಾಹ್ನಕ್ಕೆ ಮುಂಚೆ 25.010, ಪಾಳಿ ಬದಲಾಗುವ ಹೊತ್ತಿಗೆ 25.018, ಮುಂದೆ ಮಿತಿಯನ್ನು ದಾಟಿ 25.030. ಕೈ ಬದಲಾದ ಗಳಿಗೆಯಲ್ಲಿ ಅಳತೆ ಜಿಗಿದಿರಲಿಲ್ಲ. ಬೆಳಗಿನಿಂದಲೇ ತೆವಳುತ್ತ ಬಂದಿತ್ತು. ಮಿತಿ ದಾಟುವ ಹೊತ್ತಿಗೆ ಯಂತ್ರದ ಮುಂದೆ ಇದ್ದವನು ಸಂಜೆಯವನು, ಅಷ್ಟೇ.

ಟೂಲ್‌ರೂಮಿನಲ್ಲಿ ದುಡಿದು ನಿವೃತ್ತರಾದ ಹಿರಿಯರೊಬ್ಬರು ಆ ಪುಸ್ತಕವನ್ನು ನೋಡಿದರು. ಅವರ ವಿಚಾರದ ಬಗೆ ನನಗೆ ಬಹಳ ಹಿಡಿಸಿತು. ಬಿಸಿಯಿಂದ ತಿರುಪು ಹಿಗ್ಗಿದರೂ ಅಳತೆ ಹೀಗೆಯೇ ತೆವಳಬಹುದು. ಮೋಟಾರಿಗೂ ತಿರುಪಿಗೂ ನಡುವಿನ ಕಪ್ಲಿಂಗ್ ಜಾರಿದರೂ ತೆವಳಬಹುದು. ಎಣಿಕೆ ತಪ್ಪಿದರೂ ತೆವಳಬಹುದು. ಆದುದರಿಂದ ಸಂಜೆ ಐದಕ್ಕೆ, ಯಂತ್ರ ಬಿಸಿಯಾಗಿರುವಾಗಲೇ, ಬೇರೇನನ್ನೂ ಮುಟ್ಟದೆ ಮತ್ತೊಮ್ಮೆ ಹೋಮ್ ಮಾಡಿಸಿದರು. ಮರು ಪಿನ್ನಿನ ಅಳತೆ 25.002! ಬಿಸಿ ಕಾರಣವಾಗಿದ್ದರೆ ಹೋಮ್ ಮಾಡಿದ ಮಾತ್ರಕ್ಕೆ ಅದು ಹೋಗುತ್ತಿರಲಿಲ್ಲ. ಕಪ್ಲಿಂಗ್ ಜಾರಿದ್ದರೆ ಜ಼ೆಡ್ ಗುರುತಿಗೂ ತಿರುಪಿಗೂ ಇರುವ ಸಂಬಂಧವೇ ಕೆಟ್ಟು ಹಳೆಯ ಅಳತೆ ಮರಳುತ್ತಿರಲಿಲ್ಲ. ಉಳಿದದ್ದು ಎಣಿಕೆ ಒಂದೇ.

ಎನ್‌ಕೋಡರನ್ನು ಬಿಚ್ಚುವ ಮುನ್ನ ಅವರು ತಂತಿಯ ಜಾಡು ಹಿಡಿದು ಹೋದರು. ಯಂತ್ರದ ಹಿಂದೆ ಒಂದೆಡೆ ಕಪ್ಪು ಟೇಪಿನ ಗಂಟು ಕಂಡಿತು. ಕೆಲವು ತಿಂಗಳ ಹಿಂದೆ ಇಲಿ ಕಡಿದಿದ್ದ ಕೇಬಲ್ಲನ್ನು ಮನೆಯ ವೈರಿಂಗ್ ಮಾಡುವವರೊಬ್ಬರಿಂದ ಜೋಡಿಸಿದ್ದರಂತೆ. ಬಣ್ಣಕ್ಕೆ ಬಣ್ಣ ಸರಿಯಾಗಿಯೇ ಸೇರಿತ್ತು. ಮೀಟರಿನಲ್ಲಿ ನೋಡಿದರೆ ಒಂದು ತಂತಿಯೂ ಕಡಿದಿರಲಿಲ್ಲ. ಆದರೂ ಕೇಬಲ್ ಕೆಟ್ಟಿತ್ತು.

ಅದು ಹೇಗೆಂಬುದನ್ನು ಸ್ವಲ್ಪ ವಿವರಿಸಬೇಕು. ಒಳ್ಳೆಯ ಎನ್‌ಕೋಡರಿನಿಂದ ಎಂಟು ತಂತಿಗಳು ಹೊರಡುತ್ತವೆ: ಐದು ವೋಲ್ಟು, ಸೊನ್ನೆ ವೋಲ್ಟು, ಎ ಮತ್ತು ಅದರ ತಲೆಕೆಳಗಾದ ಎ-ಬಾರ್, ಹಾಗೆಯೇ ಬಿ ಮತ್ತು ಬಿ-ಬಾರ್, ಜ಼ೆಡ್ ಮತ್ತು ಜ಼ೆಡ್-ಬಾರ್. ಒಂದೇ ಬೆಂಚಿನ ಮೇಲೆ ನಿಂತ ಇಬ್ಬರು ಹುಡುಗರಲ್ಲಿ ಯಾರು ಎಷ್ಟು ಎತ್ತರವೆಂದು ಅಳೆಯುವಾಗ ಬೆಂಚನ್ನೇ ಮೇಲಕ್ಕೆತ್ತಿದರೂ ಅವರ ನಡುವಿನ ವ್ಯತ್ಯಾಸ ಬದಲಾಗುವುದಿಲ್ಲ. ನಿಯಂತ್ರಣವೂ ಹಾಗೆಯೇ ಎ ಮತ್ತು ಎ-ಬಾರ್‌ಗಳ ವ್ಯತ್ಯಾಸವನ್ನಷ್ಟೇ ನೋಡುತ್ತದೆ; ಹೊರಗಿನ ವಿದ್ಯುತ್ ಗದ್ದಲ ಎರಡನ್ನೂ ಸಮನಾಗಿ ಎತ್ತಿದರೆ ಹಾನಿಯಿಲ್ಲ. ಸಮನಾಗಿ ತಟ್ಟಬೇಕಾದರೆ ಆ ಎರಡು ತಂತಿಗಳು ಹಗ್ಗದಂತೆ ಹೊಸೆದುಕೊಂಡೇ ಸಾಗಬೇಕು. ಎ-ಯನ್ನು ಬಿ-ಯೊಡನೆ ಹೊಸೆದರೆ ಪ್ರಯೋಜನವಿಲ್ಲ. ಈ ಜೋಡಿಗಳ ಮೇಲೆ ಷೀಲ್ಡ್ ಎಂಬ ತಾಮ್ರದ ಜಾಲರಿಯ ಹೊದಿಕೆ ಇರುತ್ತದೆ; ಅದು ಗದ್ದಲವನ್ನು ತಾನು ಹೀರಿ ನೆಲಕ್ಕಿಳಿಸುತ್ತದೆ. ಆ ಟೇಪಿನ ಗಂಟಿನಲ್ಲಿ ಒಂದು ಗೇಣುದ್ದ ಹೊಸೆತವೇ ಇರಲಿಲ್ಲ. ಜಾಲರಿಯನ್ನು ಕತ್ತರಿಸಿ ಹಾಗೆಯೇ ಬಿಟ್ಟಿದ್ದರು. ಪಕ್ಕದಲ್ಲೇ ಸ್ಪಿಂಡಲ್ ಮೋಟಾರಿನ ಕೇಬಲ್ ಹಾದುಹೋಗಿತ್ತು. ಸ್ಪಿಂಡಲ್ ಎದ್ದಾಗಲೆಲ್ಲ ಒಂದೊಂದು ಎಣಿಕೆ ಅಲ್ಲಿ ಕಳೆಯುತ್ತಿತ್ತು.

ಗಂಟಿಲ್ಲದ ಹೊಸ ಕೇಬಲ್ಲನ್ನು ಎಳೆದು, ಮೋಟಾರಿನ ತಂತಿಯಿಂದ ದೂರವಿರಿಸಿ, ಎರಡೂ ಸಂಧಿಸಲೇಬೇಕಾದ ಕಡೆ ಅಡ್ಡಡ್ಡಲಾಗಿ ದಾಟಿಸಿದರು. ಜಾಲರಿಯನ್ನು ಬಾಲದಂತೆ ತಿರುಚದೆ, ಸುತ್ತಲೂ ಹಿಡಿಯುವ ಕ್ಲಾಂಪಿನಿಂದ ಪೆಟ್ಟಿಗೆಯ ಅರ್ಥ್‌ಗೆ ಸೇರಿಸಿದರು. ಮರುದಿನ ಬೆಳಗಿನಿಂದ ರಾತ್ರಿಯವರೆಗೂ ಪುಸ್ತಕದಲ್ಲಿ ತೆವಳುವ ಅಂಕಿ ಕಾಣಲಿಲ್ಲ. ಎನ್‌ಕೋಡರ್ ತರಿಸುವ ಮಾತು ನಿಂತಿತು. ಹಿಡಿದ ಸಂಬಳ ಮುಂದಿನ ತಿಂಗಳು ಹುಡುಗನ ಕೈಸೇರಿತು. ಷೆಡ್ಡಿನ ಯಜಮಾನರು ಅದನ್ನು ಎಲ್ಲರ ಎದುರಿನಲ್ಲೇ ಕೊಟ್ಟರೆಂಬುದು ನನಗೆ ಸಂತೋಷ ತಂದ ಸಂಗತಿ.

ಈ ಕಸುಬಿನಲ್ಲಿರುವ ತರುಣರಿಗಾಗಿ ಇನ್ನು ಕೆಲವು ಮಾತು. ಐದು ವೋಲ್ಟನ್ನು ಪೆಟ್ಟಿಗೆಯಲ್ಲಿ ಅಳೆದು ಸುಮ್ಮನಾಗಬೇಡಿ. ಎನ್‌ಕೋಡರಿನ ಬಳಿ ಅಳೆಯಿರಿ. 0.14 ಚದರ ಮಿಲಿಮೀಟರಿನ ತೆಳು ತಂತಿ 15 ಮೀಟರ್ ಹೋಗಿ ಬರುವಷ್ಟರಲ್ಲಿ ಸುಮಾರು 3.7 ಓಮ್ ತಡೆಯಾಗುತ್ತದೆ. 150 ಮಿಲಿಆಂಪಿಯರ್ ಹರಿದರೆ ಅರ್ಧ ವೋಲ್ಟಿಗಿಂತ ಹೆಚ್ಚು ದಾರಿಯಲ್ಲೇ ಸೋರಿ, ಅಲ್ಲಿಗೆ ತಲುಪುವುದು ನಾಲ್ಕೂವರೆಗೂ ಕಡಿಮೆ. ಸಾಮಾನ್ಯವಾಗಿ ಇಂಥವಕ್ಕೆ 4.75ಕ್ಕಿಂತ ಇಳಿಯಬಾರದು. ಅರ್ಧ ಚದರ ಮಿಲಿಮೀಟರಿನ ತಂತಿಯಾದರೆ ಸೋರಿಕೆ 0.16 ವೋಲ್ಟಿನೊಳಗೆ ನಿಲ್ಲುತ್ತದೆ. ಎಂಟನೆಯ ತರಗತಿಯ ಹುಡುಗನೂ ಮಾಡಬಲ್ಲ ಲೆಕ್ಕವಿದು. ಆದರೆ ಮಾಡುವವರು ವಿರಳ.

ತಂತಿಯ ಬಣ್ಣವನ್ನು ನಂಬಬೇಡಿ. ಒಂದು ಕಂಪನಿಯ ಕೆಂಪು ಇನ್ನೊಂದರ ಕೆಂಪಲ್ಲ. ಅದರ ಕೈಪಿಡಿಯೇ ಪ್ರಮಾಣ. ಐದು ವೋಲ್ಟಿನದಕ್ಕೆ ಇಪ್ಪತ್ತನಾಲ್ಕನ್ನು ಕೊಟ್ಟರೆ ಅದು ಮತ್ತೆ ಏಳುವುದಿಲ್ಲ. ಶಾಫ್ಟಿಗೆ ಕಪ್ಲಿಂಗನ್ನು ಸುತ್ತಿಗೆಯಿಂದ ಬಡಿದು ಕೂರಿಸಬಾರದು. ಒಳಗಿನ ಬಿಲ್ಲೆ ಬಹುಮಟ್ಟಿಗೆ ಗಾಜಿನದು. ಮೆಗ್ಗರನ್ನು ಈ ತಂತಿಗಳಿಗೆ ತೋರಿಸಲೇಬಾರದು.

ಮೋಟಾರನ್ನು ಕೈಯಿಂದ ಮೆಲ್ಲನೆ ತಿರುಗಿಸಿದಾಗ ಎಣಿಕೆ ಒಂದು ಹೆಚ್ಚು, ಒಂದು ಕಡಿಮೆ ಎಂದು ಅಲ್ಲಲ್ಲೇ ತಡವರಿಸಿದರೆ ಎ ಅಥವಾ ಬಿ ಸತ್ತಿದೆಯೆಂದರ್ಥ. ಯಂತ್ರ ಒಂದು ನಿರ್ದಿಷ್ಟ ಜಾಗಕ್ಕೆ ಹೋದಾಗ ಮಾತ್ರ ತಪ್ಪಿದರೆ, ಕೇಬಲ್ ಮಡಿಚಿ ಬಿಚ್ಚುವ ಸರಪಳಿಯೊಳಗೆ ತಂತಿ ತೊಗಲಿನಡಿಯಲ್ಲೇ ಮುರಿದಿದೆಯೇ ಎಂದು ನೋಡಬೇಕು. ಕನೆಕ್ಟರನ್ನು ಬಿಚ್ಚಿ ಕೂಲೆಂಟಿನ ತೇವ, ಹಸಿರು ಕಿಲುಬು ಇದೆಯೇ ಎಂದು ನೋಡುವುದಕ್ಕೆ ಖರ್ಚೇ ಇಲ್ಲ. ಆದರೆ ಬಿಚ್ಚುವುದೂ ಜೋಡಿಸುವುದೂ ಮೇನ್ ಆರಿಸಿದ ಮೇಲೆಯೇ. ಡ್ರೈವಿನ ಕೆಪಾಸಿಟರ್ ಖಾಲಿಯಾಗಲು ಅದರ ಮೇಲೆ ಬರೆದಷ್ಟು ನಿಮಿಷ ಕಾಯಲೇಬೇಕು.

ತಂತಿ ಜೋಡಿಸಿ ಮೊದಲ ಸಲ ಚಾಲನೆ ಕೊಡುವಾಗಲಂತೂ ಅವಸರ ಸಲ್ಲದು. ಎ ಮತ್ತು ಬಿ ಅದಲುಬದಲಾಗಿದ್ದರೆ, ತಾನು ಹಿಂದೆ ಬಿದ್ದೆನೆಂದು ಎಣಿಸಿ ಯಂತ್ರ ಇನ್ನೂ ಜೋರಾಗಿ ತಪ್ಪು ದಿಕ್ಕಿಗೇ ಓಡುತ್ತದೆ. ಕೊನೆ ಮುಟ್ಟಿ ಅಪ್ಪಳಿಸುವವರೆಗೂ ನಿಲ್ಲದು. ಆದ್ದರಿಂದ ಮೊದಲು ಡ್ರೈವಿಗೆ ಶಕ್ತಿ ಕೊಡದೆ ಕೈಯಿಂದ ತಿರುಗಿಸಿ, ಪರದೆಯ ಅಂಕಿ ಸರಿಯಾದ ದಿಕ್ಕಿಗೆ ಏರುತ್ತದೆಯೇ, ಪೂರ್ತಿ ಒಂದು ಸುತ್ತಿಗೆ 10,000 ಆಗುತ್ತದೆಯೇ ಎಂದು ನೋಡಿಕೊಳ್ಳಿ. ಬಳಿಕ ಸಾಧ್ಯವಾದಷ್ಟು ಕಡಿಮೆ ವೇಗದಲ್ಲಿ, ಒಂದು ಕೈ ಎಮರ್ಜೆನ್ಸಿ ಗುಂಡಿಯ ಮೇಲಿರುವಾಗ, ಯಾರೂ ಯಂತ್ರದೊಳಗೆ ಬಾಗಿಲ್ಲವೆಂದು ಖಚಿತಪಡಿಸಿಕೊಂಡು ಒಂದು ಮಿಲಿಮೀಟರ್ ಮಾತ್ರ ಚಲಿಸಿ, ಡಯಲ್ ಗೇಜಿನಲ್ಲಿ ನೋಡಿ.