ಕೆಳಗಿಳಿದು ಬರುವ ಸ್ವರ್ಗ

ತಾನು ಸಾಯದೆ ಸ್ವರ್ಗ ಸಿಗದು ಎನ್ನುತ್ತದೆ ಗಾದೆ. ಫಲ ಬೇಕೆಂದರೆ ಪಾಡು ತಾನೇ ಪಡಬೇಕು ಎಂದು ಹೇಳುವ ಮಾತು ಅದು. ಆದರೆ ಸ್ವರ್ಗವೆಂದರೆ ಸತ್ತವರು ಹೋಗಿ ಸೇರುವ ಊರು ಎಂಬುದನ್ನು ಮರುಮಾತಿಲ್ಲದೆ ಒಪ್ಪಿಕೊಂಡುಬಿಟ್ಟಿದೆ. ಕ್ರೈಸ್ತರಲ್ಲಿ ಬಹುಮಂದಿಯ ಮನಸ್ಸಿನಲ್ಲಿರುವುದೂ ಹೆಚ್ಚುಕಡಿಮೆ ಇದೇ ಚಿತ್ರ: ಮೋಡಗಳ ಮೇಲೊಂದು ಮುತ್ತಿನ ಬಾಗಿಲು, ಅಲ್ಲಿ ಬೀಗದ ಕೈ ಹಿಡಿದು ನಿಂತ ಸಂತ ಪೇತ್ರ. ಬೈಬಲ್ಲನ್ನು ಮೊದಲ ಪುಟದಿಂದ ಓದುತ್ತ ಹೋದವರಿಗೆ ಈ ಊರು ಅಷ್ಟು ಸುಲಭವಾಗಿ ಸಿಗುವುದಿಲ್ಲ.

ಆದಿಕಾಂಡ ಹೇಳುವ ಸ್ವರ್ಗ ನಮ್ಮ ತಲೆಯ ಮೇಲಿನ ಆಕಾಶವೇ. ಪ್ರಾಚೀನ ಇಸ್ರೇಲರಿಗೆ ಅದು ಗಟ್ಟಿ ಚಾವಣಿ. ಅದರ ಮೇಲೆ ನೀರಿನ ರಾಶಿ, ಕೆಳಗೆ ಹಕ್ಕಿಗಳ ಹಾರಾಟ. ನೋಹನ ಕಾಲದ ಪ್ರಳಯದಲ್ಲಿ ತೆರೆದುಕೊಂಡದ್ದು ಆ ಚಾವಣಿಯ ಕಿಂಡಿಗಳು. ಅದರಾಚೆ ದೇವರ ಸಿಂಹಾಸನವಿತ್ತು. ಮನುಷ್ಯರಿಗೆ ಅಲ್ಲಿ ಜಾಗವಿರಲಿಲ್ಲ. ಆಕಾಶ ದೇವರಿಗೆ, ಭೂಮಿ ಮನುಷ್ಯರಿಗೆ ಎಂದು 115ನೇ ಕೀರ್ತನೆ ಪಾಲು ಮಾಡಿಯೇಬಿಡುತ್ತದೆ. ದೇವರು ಅಬ್ರಹಾಮನಿಗೆ ಮಾತು ಕೊಟ್ಟದ್ದು ನೆಲ ಮತ್ತು ಸಂತಾನದ ಬಗ್ಗೆ. ಸತ್ತಾಗ ಮಕ್ಕಳು ಅವನನ್ನು ಮಕ್ಪೇಲದ ಗವಿಯಲ್ಲಿ ಹೂಳಿದರು, ಕಥೆ ಮುಂದೆ ಸಾಗಿತು. ಒಳ್ಳೆಯವರೂ ಕೆಟ್ಟವರೂ ಸತ್ತ ಮೇಲೆ ಇಳಿಯುತ್ತಿದ್ದುದು ಷಿಯೋಲ್ ಎಂಬ ಮಬ್ಬುಗತ್ತಲಿನ, ಮಾತಿಲ್ಲದ ಲೋಕಕ್ಕೆ. ಸುಂಟರಗಾಳಿಯಲ್ಲಿ ಮೇಲೇರಿದ ಎಲೀಯನಂಥವರು ಅಪವಾದ. ಸತ್ತವರಿಗೆ ಮುಂದೊಂದು ಬಾಳುಂಟು ಎಂಬ ಭರವಸೆ ಸ್ಪಷ್ಟವಾಗಿ ಕೇಳಿಬರುವುದು ದಾನಿಯೇಲನ ಗ್ರಂಥದ ಕೊನೆಯಲ್ಲಿ. ಕ್ರಿ.ಪೂ. 2ನೇ ಶತಮಾನದಲ್ಲಿ ನಾಲ್ಕನೇ ಅಂತಿಯೋಕಸ್ ದೊರೆ ಯೆಹೂದ್ಯರನ್ನು ಹಿಂಸಿಸುತ್ತಿದ್ದ ದಿನಗಳಲ್ಲಿ ಆ ಭಾಗ ರೂಪುಗೊಂಡಿತೆಂಬುದು ಬಹುಪಾಲು ವಿದ್ವಾಂಸರ ಮತ. ಅಲ್ಲಿ ಕೂಡ ಭರವಸೆ ಇರುವುದು ಮೇಲಿನ ಪಯಣದಲ್ಲಲ್ಲ. ಮಣ್ಣಿನಲ್ಲಿ ಮಲಗಿದವರು ಎಚ್ಚೆತ್ತು ಏಳುವುದರಲ್ಲಿ.

ಹೀಗೆ ಬೇರೆಬೇರೆಯಾದ ಎರಡು ಲೋಕಗಳು ಕೂಡುವ ತಾಣವೆಂದರೆ ಯೆರೂಸಲೇಮಿನ ದೇವಾಲಯ. ಅತ್ಯುನ್ನತ ಆಕಾಶವೂ ಸಾಲದ ದೇವರಿಗೆ ಈ ಮನೆ ಹೇಗೆ ಸಾಕಾದೀತು ಎಂದು ಅದನ್ನು ಕಟ್ಟಿಸಿದ ಸೊಲೊಮೋನನೇ ಪ್ರತಿಷ್ಠೆಯ ದಿನ ಕೇಳಿದ್ದ. ಯೇಸುವಿನ ಕಾಲಕ್ಕೆ ಅಲ್ಲಿದ್ದದ್ದು ಹೆರೋದನ ಆಲಯ. ಅದನ್ನು ಕಣ್ಣಾರೆ ಬಲ್ಲ ಇತಿಹಾಸಕಾರ ಜೋಸೆಫಸ್ ಬಾಗಿಲಿಗೆ ಇಳಿಬಿಟ್ಟಿದ್ದ ಪರದೆಯನ್ನು ವರ್ಣಿಸಿದ್ದಾನೆ. 55 ಮೊಳ ಎತ್ತರ, 16 ಮೊಳ ಅಗಲ, ಬಾಬಿಲೋನಿನ ನೇಯ್ಗೆ, ನೀಲಿ, ಕೆಂಪು, ನೇರಳೆ ಬಣ್ಣ, ಅದರ ಮೇಲೆಲ್ಲ ಆಕಾಶದ ಚಿತ್ರ. ಮಾರ್ಕನ ಸುವಾರ್ತೆಯನ್ನು ಈ ವಿವರದ ಪಕ್ಕದಲ್ಲಿಟ್ಟು ಓದಬೇಕು. ಮೊದಲ ಅಧ್ಯಾಯದಲ್ಲಿ ಯೇಸು ಯೊರ್ದನ್ ನದಿಯಲ್ಲಿ ದೀಕ್ಷಾಸ್ನಾನ ಮುಗಿಸಿ ಮೇಲೇಳುವಾಗ ಆಕಾಶ ಹರಿಯುತ್ತದೆ. ಆತ ಶಿಲುಬೆಯ ಮೇಲೆ ಪ್ರಾಣ ಬಿಟ್ಟಾಗ ದೇವಾಲಯದ ಪರದೆ ಮೇಲಿನಿಂದ ಕೆಳಗಿನ ತನಕ ಹರಿಯುತ್ತದೆ. ಮಾರ್ಕನ ಮನಸ್ಸಿನಲ್ಲಿದ್ದದ್ದು ಇದೇ ಪರದೆಯಾಗಿದ್ದರೆ, ಎರಡು ಸಲವೂ ಹರಿದದ್ದು ಆಕಾಶವೇ. ಎರಡು ಸಲವೂ ಹರಿದದ್ದು ಆಚೆ ಕಡೆಯಿಂದ.

ಯೇಸುವಿನ ಬೋಧನೆಯ ದಿಕ್ಕೂ ಇದೇ. ಮಾರ್ಕ, ಲೂಕರು ದೇವರ ರಾಜ್ಯ ಎನ್ನುವಲ್ಲಿ ಮತ್ತಾಯ ಹೆಚ್ಚಾಗಿ ಸ್ವರ್ಗದ ರಾಜ್ಯ ಎನ್ನುತ್ತಾನೆ. ದೇವರ ಹೆಸರೆತ್ತಲು ಅಂಜುತ್ತಿದ್ದ ಯೆಹೂದ್ಯರ ಭಕ್ತಿಯೇ ಇದಕ್ಕೆ ಕಾರಣವೆಂಬ ವಿವರಣೆ ಹಳೆಯದು. ಮನೆಬಿಟ್ಟು ಹೋಗಿ ಹಂದಿ ಕಾದ ಮಗನ ಸಾಮತಿಯಲ್ಲೂ ಅಷ್ಟೆ: ಸ್ವರ್ಗಕ್ಕೆ ಪಾಪ ಮಾಡಿದೆ ಎಂದು ಆ ಹುಡುಗ ಹೇಳುವಾಗ ಅವನ ಮನಸ್ಸಿನಲ್ಲಿರುವುದು ದೇವರು. ಹಾಗಾಗಿ ಸ್ವರ್ಗದ ರಾಜ್ಯವೆಂದರೆ ದೇವರ ಆಳ್ವಿಕೆ. ಯೇಸು ಶಿಷ್ಯರಿಗೆ ಕಲಿಸಿದ ಪ್ರಾರ್ಥನೆ ಅಲ್ಲಿಗೆ ನಮ್ಮನ್ನು ಕರೆಸಿಕೋ ಎಂದು ಬೇಡುವುದಿಲ್ಲ. ಆ ಆಳ್ವಿಕೆ ಇಲ್ಲಿಗೇ ಬರಲಿ ಎಂದು ಬೇಡುತ್ತದೆ.

ಸತ್ತವರು ಹೋಗುವ ನೆಲೆಯ ಮಾತೇ ಇಲ್ಲವೆಂದಲ್ಲ. ಪಕ್ಕದ ಶಿಲುಬೆಯ ಕಳ್ಳನಿಗೆ ಯೇಸು ಅಂದೇ ಪರದೈಸಿನ ಭರವಸೆ ಕೊಡುತ್ತಾನೆ. ಮೂರನೆಯ ಸ್ವರ್ಗದವರೆಗೆ ಒಯ್ಯಲ್ಪಟ್ಟ ಅನುಭವವನ್ನು ಪೌಲ ಬೇರೆ ಯಾರದೋ ಎಂಬಂತೆ ಸಂಕೋಚದಿಂದ ಹೇಳಿಕೊಳ್ಳುತ್ತಾನೆ. ಆದರೆ ಅದೇ ಪೌಲ, ನಮ್ಮ ಪೌರತ್ವ ಇರುವುದು ಸ್ವರ್ಗದಲ್ಲಿ ಎಂದು ಬರೆದದ್ದು ಫಿಲಿಪ್ಪಿಯವರಿಗೆ. ಕ್ರಿ.ಪೂ. 42ರ ಯುದ್ಧದ ನಂತರ ರೋಮ್ ತನ್ನ ನಿವೃತ್ತ ಸೈನಿಕರನ್ನು ನೆಲೆಗೊಳಿಸಿದ ಊರು ಅದು. ರೋಮಿನ ಪೌರರು ಅಲ್ಲಿದ್ದದ್ದು ಒಂದು ದಿನ ರೋಮಿಗೆ ಮರಳಲೆಂದಲ್ಲ, ರೋಮಿನ ರೀತಿನೀತಿಗಳನ್ನು ಆ ನೆಲದಲ್ಲಿ ಬೇರೂರಿಸಲೆಂದು. ಪೌಲನ ಮಾತು ಆ ಊರಿನವರಿಗೆ ಹೇಗೆ ಕೇಳಿಸಿರಬೇಕೆಂದು ಊಹಿಸಬಹುದು. ರಕ್ಷಕ ಅಲ್ಲಿಂದ ಇಲ್ಲಿಗೆ ಬರುವುದನ್ನು ಕಾಯುತ್ತಿದ್ದೇವೆ ಎಂದೇ ಆತ ಮುಂದುವರಿಸುತ್ತಾನೆ.

ಬೈಬಲ್ಲಿನ ಎರಡು ತುದಿಗಳಲ್ಲಿ ಎರಡು ನಗರಗಳಿವೆ. ಬಾಬೆಲಿನ ಜನ ಮುಗಿಲು ಮುಟ್ಟುವ ಗೋಪುರ ಕಟ್ಟಲು ಹೊರಟು ಚದುರಿಹೋದರು. ಪ್ರಕಟಣೆ ಗ್ರಂಥದ ಕೊನೆಯಲ್ಲಿ ಕಾಣುವ ಹೊಸ ಯೆರೂಸಲೇಮ್ ಮೇಲಿನಿಂದ ಭೂಮಿಗೆ ಇಳಿಯುತ್ತದೆ. ಅದರ ಉದ್ದ, ಅಗಲ, ಎತ್ತರ ಮೂರೂ ಒಂದೇ, ಇಂದಿನ ಲೆಕ್ಕದಲ್ಲಿ ಸುಮಾರು 2,200 ಕಿಲೋಮೀಟರ್. ಸೊಲೊಮೋನನ ಆಲಯದ ಗರ್ಭಗುಡಿಯೂ ಮೂರೂ ಕಡೆ 20 ಮೊಳದ ಘನಾಕೃತಿಯೇ ಆಗಿತ್ತು. ವರ್ಷಕ್ಕೊಂದು ದಿನ ಮಹಾಯಾಜಕನೊಬ್ಬನೇ ಕಾಲಿಡಬಹುದಾಗಿದ್ದ ಕೋಣೆ ಇಲ್ಲಿ ನಗರದಷ್ಟು ಹಿಗ್ಗಿದೆ. ಅದಕ್ಕೇ ಆ ನಗರದಲ್ಲಿ ಬೇರೆ ದೇವಾಲಯವಿಲ್ಲ. ಜನಪ್ರಿಯ ಚಿತ್ರಗಳ ಮುತ್ತಿನ ಬಾಗಿಲು ಬಂದದ್ದೂ ಇಲ್ಲಿಂದಲೇ, ಹನ್ನೆರಡು ಬಾಗಿಲು. ಹಗಲು ಅವನ್ನು ಮುಚ್ಚುವುದಿಲ್ಲ, ರಾತ್ರಿಯೆಂಬುದು ಅಲ್ಲಿಲ್ಲ. ಬೀಗದ ಕೈಗೆ ಕೆಲಸವೇ ಇಲ್ಲ.

ಈ ದಿಕ್ಕಿನ ಪ್ರಶ್ನೆ ಬರೀ ಪಂಡಿತರ ಚರ್ಚೆಯಾಗಿ ಉಳಿಯಲಿಲ್ಲ. ಇಲ್ಲಿ ಹಸಿದಿರು, ಸತ್ತ ಮೇಲೆ ಆಕಾಶದಲ್ಲಿ ಹೊಟ್ಟೆ ತುಂಬ ಉಣ್ಣುವೆ ಎಂಬ ಉಪದೇಶವನ್ನು ಅಮೆರಿಕದ ಕಾರ್ಮಿಕ ಕವಿ ಜೋ ಹಿಲ್ 1911ರ ಹಾಡೊಂದರಲ್ಲಿ ಗೇಲಿ ಮಾಡಿದ. ಗೇಲಿಗೆ ಅರ್ಹವಾದ ಉಪದೇಶವೇ ಅದು. ಆದರೆ ಅದೇ ದೇಶದ ಗುಲಾಮರು ಅದಕ್ಕೂ ಮೊದಲೇ ಈ ಗ್ರಂಥವನ್ನು ಬೇರೆ ಬಗೆಯಲ್ಲಿ ಕೇಳಿಸಿಕೊಂಡಿದ್ದರು. ಮೇರಿಲ್ಯಾಂಡಿನ ದಾಸ್ಯದಿಂದ 1838ರಲ್ಲಿ ತಪ್ಪಿಸಿಕೊಂಡ ಫ್ರೆಡರಿಕ್ ಡಗ್ಲಸ್ 1855ರ ತನ್ನ ಆತ್ಮಕಥನದಲ್ಲಿ ಬಿಡಿಸಿ ಹೇಳುತ್ತಾನೆ: ದೇವರು ಅಬ್ರಹಾಮನಿಗೆ ಮಾತು ಕೊಟ್ಟ ಕಾನಾನ್ ದೇಶದ ಹಾಡನ್ನು ತಾವು ಹಾಡುವಾಗ ಮನಸ್ಸಿನಲ್ಲಿದ್ದದ್ದು ಪರಲೋಕವೊಂದೇ ಅಲ್ಲ, ಗುಲಾಮಗಿರಿ ಇಲ್ಲದ ಉತ್ತರದ ನಾಡೂ ಹೌದು. ಒಡೆಯರು ಅದನ್ನು ಸಾವಿನಾಚೆಯ ಸಮಾಧಾನವೆಂದುಕೊಂಡರು. ಹಾಡುವವರು ದಾರಿ ಲೆಕ್ಕ ಹಾಕುತ್ತಿದ್ದರು. ಅಕ್ಷರ ಕಲಿಯುವುದನ್ನೇ ಅಪರಾಧವೆಂದು ಕಂಡ ನಾಡಿನಲ್ಲಿ ಗ್ರಂಥದ ಜಾಡು ಹಿಡಿದವರು ಗುಲಾಮರೇ. ಸ್ವರ್ಗ ತೋರಿಸಿ ಹಸಿದವರ ಬಾಯಿ ಮುಚ್ಚಿಸುವ ಬೋಧಕ ಮೊದಲು ಜವಾಬು ಕೊಡಬೇಕಾದ್ದು ತನ್ನ ಕೈಯಲ್ಲೇ ಇರುವ ಪುಸ್ತಕಕ್ಕೆ.