ಕುಂಡದ ತಳಕ್ಕೆ ಕಲ್ಲು ಬೇಕೆ?

ಕುಂಡದಲ್ಲಿ ತರಕಾರಿ ಬೆಳೆಯಹೊರಟವರಿಗೆ ದೊರೆಯುವ ಮೊದಲ ಉಪದೇಶವೆಂದರೆ, ತಳದಲ್ಲಿ ಜಲ್ಲಿಕಲ್ಲನ್ನೋ ಒಡೆದ ಹೆಂಚಿನ ಚೂರುಗಳನ್ನೋ ಹರಡಬೇಕೆಂಬುದು. ಅದರಿಂದ ನೀರು ಬೇಗನೆ ಬಸಿದುಹೋಗುವುದೆಂದು ನಂಬಿಕೆ. ಈ ರೂಢಿಯನ್ನು ಕೈಬಿಡುವುದೇ ಲೇಸೆಂದು ನನ್ನ ಅಭಿಪ್ರಾಯ.

ಮಣ್ಣಿನ ಕಣಗಳ ನಡುವಣ ಸೂಕ್ಷ್ಮ ರಂಧ್ರಗಳು ಕೇಶಾಕರ್ಷಣೆಯಿಂದ ನೀರನ್ನು ಹಿಡಿದಿಟ್ಟುಕೊಳ್ಳುತ್ತವೆ. ಆ ನೀರು ಕಲ್ಲುಗಳ ನಡುವಣ ದೊಡ್ಡ ತೆರವುಗಳಿಗೆ ಸುಲಭವಾಗಿ ಇಳಿಯದು. ಕಲ್ಲಿಗೆ ತಾಗಿದ ಮಣ್ಣು ನೀರಿನಿಂದ ತುಂಬಿದ ಬಳಿಕವಷ್ಟೇ ಇಳಿಯತೊಡಗುವುದು. ಆದುದರಿಂದ ತಳದಲ್ಲಿರಬೇಕಾದ ಜೌಗು ಪದರವು ಕಲ್ಲಿನ ಮೇಲೇರಿ ಬೇರುಗಳಿಗೆ ಸಮೀಪವಾಗುತ್ತದೆ. ಅಲ್ಲಿ ಗಾಳಿ ಸಾಲದೆ ಬೇರುಗಳು ಕೊಳೆಯುವ ಸಂಭವ ಹೆಚ್ಚು.

ಪಾತ್ರೆ ತೊಳೆಯುವ ಉದ್ದನೆಯ ಸ್ಪಂಜೊಂದನ್ನು ನೀರಿನಲ್ಲಿ ನೆನೆಸಿ, ಹಿಂಡದೆ, ಮಟ್ಟಸವಾಗಿ ಹಿಡಿಯಿರಿ. ತೊಟ್ಟಿಕ್ಕುವುದು ನಿಂತಮೇಲೆ ಅದನ್ನೇ ನೆಟ್ಟಗೆ ನಿಲ್ಲಿಸಿದರೆ ಮತ್ತಷ್ಟು ನೀರು ಸುರಿಯುವುದು. ಎತ್ತರ ಹೆಚ್ಚಿದಂತೆ ಬಸಿಯುವ ನೀರೂ ಹೆಚ್ಚು. ಬದನೆ, ಟೊಮ್ಯಾಟೊಗಳಿಗೆ ಆಳವಾದ ಕುಂಡ ಬೇಕೆನ್ನುವುದಕ್ಕೆ ಇದೂ ಒಂದು ಕಾರಣ. ಕಲ್ಲು ತುಂಬಿದರೆ ಆ ಆಳವನ್ನೇ ಕಳೆದುಕೊಂಡಂತಾಯಿತು. ನೆಲದ ಮೇಲೆಯೇ ಮಾಡಿದ ಏರುಮಡಿಯಲ್ಲಾದರೋ ಕೆಳಗಿನ ಮಣ್ಣು ನೀರನ್ನು ಸೆಳೆದುಕೊಳ್ಳುವುದರಿಂದ ಈ ತೊಡಕು ಕಡಿಮೆ.

ಹಾಗಾದರೆ ಮಾಡಬೇಕಾದುದೇನು? ತಳದ ರಂಧ್ರ ತೆರೆದಿರಲಿ. ಮಣ್ಣು ಸೋರದಂತೆ ಅದರ ಮೇಲೆ ಬಲೆಯ ತುಂಡೊಂದು ಸಾಕು. ಕೆಂಪುಮಣ್ಣಿಗೆ ಚೆನ್ನಾಗಿ ಕಳಿತ ಗೊಬ್ಬರವನ್ನೂ ತೆಂಗಿನ ನಾರಿನ ಪುಡಿಯನ್ನೂ ಬೆರೆಸಿ, ತಳದಿಂದ ಮೇಲಿನವರೆಗೂ ಅದನ್ನೇ ತುಂಬಿರಿ.

ಹಿರಿಯರ ಅನುಭವ ಗೌರವಾರ್ಹವೇ ಸರಿ. ಆದರೂ ರೂಢಿಯನ್ನು ಪರೀಕ್ಷಿಸುವುದು ವಿದ್ಯಾರ್ಥಿಗಳ ಹಕ್ಕು. ಸಮಾನವಾದ ಎರಡು ಕುಂಡಗಳಲ್ಲಿ ಒಂದಕ್ಕೆ ಮಾತ್ರ ಕಲ್ಲು ಹಾಕಿ, ಎರಡರಲ್ಲಿಯೂ ಮೆಣಸಿನ ಸಸಿಗಳನ್ನು ನೆಟ್ಟು, ಒಂದೇ ಅಳತೆಯ ನೀರೆರೆಯಿರಿ. ನನ್ನ ಮಾತಿನ ಸತ್ಯಾಸತ್ಯತೆಯನ್ನು ನೀವೇ ನಿರ್ಣಯಿಸಿರಿ.